ಸಂಘದ ಕೈಯಲ್ಲಿ 42,000 ರೂಪಾಯಿ ಉಂಟು, ಊರಿನ ಹುಡುಗರಿಗೆ ಎಂತ ಮಾಡಬಹುದು?

ಮುಳ್ಳೇರಿಯ ಕಾರ್ಯದರ್ಶಿ:

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಸ್ವಲ್ಪ ಒಳಗಿನ ಒಂದು ಊರಿನ ಯುವಕ ಸಂಘದ ಕಾರ್ಯದರ್ಶಿ. ಈ ಸಲ ವಾರ್ಷಿಕೋತ್ಸವದ ಖರ್ಚೆಲ್ಲ ಕಳೆದು 42,000 ರೂಪಾಯಿ ಉಳಿದಿದೆ. ನಮ್ಮಲ್ಲಿ ಹೀಗಾದದ್ದು ಇದೇ ಮೊದಲು. ಯಾವಾಗಲೂ ಮೈಕಿನವರಿಗೆ ಬಾಕಿ ಇಟ್ಟೇ ಅಭ್ಯಾಸ.

ಈ ಹಣದಲ್ಲಿ ಊರಿನ ಹುಡುಗ ಹುಡುಗಿಯರು ಏನಾದರೂ ಸ್ವಂತ ಕೆಲಸ ಶುರು ಮಾಡುವ ಹಾಗೆ ಮಾಡಬೇಕು ಅಂತ ಆಸೆ. ಡಿಗ್ರಿ ಮುಗಿಸಿದವರು ಹನ್ನೊಂದು ಮಂದಿ ಇದ್ದಾರೆ, ಕೂತು ಎಣಿಸಿದ್ದೇನೆ. ಇಬ್ಬರು ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದಾರೆ. ಮೂವರು ಗಲ್ಫಿನ ವೀಸಾ ಕಾಯುತ್ತಿದ್ದಾರೆ. ಉಳಿದವರು ಬೆಳಗಿನ ಬಸ್ಸಿಗೆ ಮಂಗಳೂರಿಗೆ ಹೋದರೆ ಮನೆ ಸೇರುವುದು ರಾತ್ರಿ. ಸಂಬಳದಲ್ಲಿ ಕಾಲು ಭಾಗ ಬಸ್ಸಿಗೇ ಹೋಗುತ್ತದೆ.

ಸಮಿತಿಯಲ್ಲಿ ಎರಡು ಮಾತು ಬಂದಿದೆ. ಮಂಗಳೂರಿನಿಂದ ಒಬ್ಬ ಭಾಷಣಕಾರರನ್ನು ಕರೆಸಿ ಒಂದು ದಿನದ ಪ್ರೇರಣಾ ಶಿಬಿರ ಮಾಡೋಣ ಅಂತ ಕೆಲವರು. ಗೌರವಧನ, ಊಟ, ಬ್ಯಾನರ್ ಎಲ್ಲ ಸೇರಿ 35,000ದಲ್ಲಿ ಮುಗಿಯುತ್ತದಂತೆ. ಅಡಿಕೆ ಹಾಳೆಯ ತಟ್ಟೆ ಒತ್ತುವ ಮೆಷಿನಿಗೆ ಮುಂಗಡ ಕೊಡೋಣ ಅಂತ ಇನ್ನು ಕೆಲವರು. ನನಗೆ ಎರಡರಲ್ಲೂ ಧೈರ್ಯ ಬರುತ್ತಿಲ್ಲ. ಅನುಭವ ಇದ್ದವರು ಹೇಳಿ. ಸಾಲ, ಸಬ್ಸಿಡಿಯ ವಿಷಯವೂ ಸ್ವಲ್ಪ ತಿಳಿಸಿದರೆ ಉಪಕಾರ.

ಆದೂರಿನ ಹಾಳೆ ಹುಡುಗ:

ಅಣ್ಣಾ, ಮೆಷಿನ್ ಅಂತ ಓದಿದ ಕೂಡಲೇ ಎದೆ ಧಸಕ್ಕೆಂದಿತು. 2021ರಲ್ಲಿ ನಾನು ಸೆಕೆಂಡ್ ಹ್ಯಾಂಡ್ ಮೆಷಿನ್ ತಂದವನು. ತಂದದ್ದು ಜೂನ್ ತಿಂಗಳಲ್ಲಿ. ಅಡಿಕೆ ತೋಟದಲ್ಲೇ ಹುಟ್ಟಿ ಬೆಳೆದವನಿಗೆ ಅಷ್ಟೂ ಹೊಳೆಯಲಿಲ್ಲ. ತಟ್ಟೆಯ ಹಾಳೆಯನ್ನು ಬೇಸಿಗೆಯಲ್ಲೇ ಹೆಕ್ಕಿ, ಒಣಗಿಸಿ, ಮಳೆ ತಾಗದಲ್ಲಿ ಒಟ್ಟಿಡಬೇಕು. ಮಳೆಯಲ್ಲಿ ಬಿದ್ದದ್ದನ್ನು ತಂದರೆ ಮೂರೇ ದಿನದಲ್ಲಿ ಕಪ್ಪು ಚುಕ್ಕೆ ಬೂಸ್ಟು. ಮೆಷಿನ್ ರೆಡಿ, ಹಾಳೆ ಇಲ್ಲ. ಕಂತು ಮಾತ್ರ ಮಳೆ ಬಿಸಿಲು ನೋಡದೆ ಬರುತ್ತಿತ್ತು.

ಮರು ವರ್ಷ ಹಾಳೆ ಇಟ್ಟುಕೊಂಡೆ. ಆಗ ಸಂಜೆ ವೋಲ್ಟೇಜ್ ಇಲ್ಲ, ಅಚ್ಚು ಬಿಸಿಯಾಗುವುದಿಲ್ಲ. ರಾತ್ರಿ ಹನ್ನೊಂದರ ಮೇಲೆ ಕೂತು ಒತ್ತುತ್ತಿದ್ದೆ. ಮಾಲು ಒಬ್ಬ ಏಜೆಂಟರ ಮೂಲಕ ಹೊರದೇಶಕ್ಕೆ ಹೋಗುತ್ತಿತ್ತು. ಬೆಲೆ ಅವರು ಹೇಳಿದ್ದೇ. 2025ರಲ್ಲಿ ಅಮೆರಿಕದ ಆಹಾರ, ಔಷಧ ನೋಡಿಕೊಳ್ಳುವ ಇಲಾಖೆ ಎಫ್‌ಡಿಎ ಅಡಿಕೆ ಹಾಳೆ ತಟ್ಟೆಯ ಆಮದಿಗೆ ತಡೆ ಹಾಕಿತು. ಹಾಳೆಯಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕ ಊಟಕ್ಕೆ ಸೇರುತ್ತದೆ ಅಂತ ಕಾರಣ. ಏಜೆಂಟರು ಫೋನ್ ಎತ್ತುವುದು ನಿಲ್ಲಿಸಿದರು. ಮೆಷಿನ್ ಮಾರಿದೆ. ಈಗ ಊರಿನ ಮದುವೆ, ಪೂಜೆಗೆ ಮಾತ್ರ ಬೇರೆಯವರಿಂದ ತಂದು ಕೊಡುತ್ತೇನೆ. ನಿಜ ಹೇಳಬೇಕಾದರೆ ಒತ್ತುವಾಗ ಸಿಕ್ಕಿದ್ದಕ್ಕಿಂತ ಇದರಲ್ಲೇ ಜಾಸ್ತಿ ಉಳಿಯುತ್ತದೆ. ಗಿರಾಕಿ ಯಾರು ಅಂತ ಗೊತ್ತಿಲ್ಲದೆ ಮೆಷಿನ್ ತರಬೇಡಿ ಅಣ್ಣಾ.

ಸುಮ್ನೆ ಓದುವವ:

ಎಲ್ಲರನ್ನೂ ಪಿಎಸ್‌ಸಿಗೆ ಕೂರಿಸಿ ಮಾರಾಯ್ರೇ. 42,000ಕ್ಕೆ ಗೈಡ್ ಪುಸ್ತಕ ತನ್ನಿ.

ಪೆರ್ಲದ ಹಪ್ಪಳಕ್ಕ:

ಕಾರ್ಯದರ್ಶಿಯವರೇ, ಶಿಬಿರ ಬೇಡ. ಅಂಥ ಮೂರು ಶಿಬಿರದಲ್ಲಿ ನಾನು ಕೂತಿದ್ದೇನೆ. ಪ್ರತಿ ಸಲವೂ ಒಂದು ಫೈಲು, ಒಂದು ಪೆನ್ನು ಕೊಡುತ್ತಾರೆ. ಒಂದು ಪೆನ್ನು ಈಗಲೂ ಬರೆಯುತ್ತದೆ, ಅಷ್ಟು ಲಾಭ.

ನಾನು ಪೆರ್ಲದ ಹತ್ತಿರ ಹಲಸಿನ ಹಪ್ಪಳ ಮಾಡಿ ಮಾರುವವಳು. ಹನ್ನೆರಡು ವರ್ಷ ಆಯಿತು. ಮಳೆಗಾಲಕ್ಕೆ ಅಂತ ಡಬ್ಬಿ ತುಂಬ ಹಪ್ಪಳ ಮಾಡಿಡುವ ಕ್ರಮ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವುದೇ ಅಲ್ವಾ? ಬಲಿತ ಕಾಯಿ ಬೇಕು, ಹಣ್ಣಿಗೆ ತಿರುಗಿರಬಾರದು. ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು ಹಾಕಿ ಗುದ್ದಬೇಕು. ಉಂಡೆ ಮಾಡಿ, ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಲ್ಲಿ ಒತ್ತಬೇಕು. ತಣಿದರೆ ಅಂಚು ಒಡೆಯುತ್ತದೆ. ಹಾಗಾಗಿ ಇದು ಒಬ್ಬಳಿಂದ ಆಗುವ ಕೆಲಸ ಅಲ್ಲ. ಒಬ್ಬರು ಗುದ್ದಲಿಕ್ಕೆ, ಒಬ್ಬರು ಉಂಡೆಗೆ, ಇಬ್ಬರು ಒತ್ತಲಿಕ್ಕೆ, ಕಾಗೆ ಓಡಿಸಲಿಕ್ಕೆ ಒಂದು ಮಗು.

ಮೈದುನ ಬೆಂಗಳೂರಿಗೆ ಹೋಗುವಾಗ ಒಂದು ಕಟ್ಟು ಕೊಟ್ಟಿದ್ದೆ. ಅವನ ಆಫೀಸಿನವರು ರುಚಿ ನೋಡಿ 500 ಹಪ್ಪಳ ಬೇಕು ಅಂದರು. ಬೆಲೆ ಎಷ್ಟು ಅಂತ ಕೇಳಿದಾಗ ನನಗೆ ಬಾಯಿ ಬರಲಿಲ್ಲ. ಹಪ್ಪಳಕ್ಕೆ ದುಡ್ಡು ಕೇಳುವುದಾ ಅಂತ ನಾಚಿಕೆ. ಮೈದುನನೇ ಒಂದು ಬೆಲೆ ಹೇಳಿದ. ಆ ವರ್ಷ ಲಾಭ ಆಯಿತು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆಮೇಲೆ ಕೂತು ಬರೆದರೆ ಸೌದೆ, ಕಾಯಿ ಕೊಯ್ದವನ ಕೂಲಿ, ಪ್ಯಾಕೆಟ್ಟು, ಬಸ್ಸಿನಲ್ಲಿ ಕಳಿಸಿದ ಖರ್ಚು, ಯಾವುದೂ ನನ್ನ ಲೆಕ್ಕದಲ್ಲಿ ಇರಲಿಲ್ಲ. ನಮ್ಮ ನಾಲ್ಕು ಮಂದಿಯ ದುಡಿಮೆ ಅಂತೂ ಧರ್ಮಕ್ಕೆ. ನಿಮ್ಮ ಹುಡುಗರಿಗೆ ಭಾಷಣದ ಬದಲು ಒಂದು ನೋಟ್ ಪುಸ್ತಕ ಕೊಟ್ಟು ಹೀಗೆ ಬರೆಸಿ.

ಲೇಬಲಿನ ಕಥೆಯೂ ಹೇಳುತ್ತೇನೆ. ಕನ್ನಡದ ಅಭಿಮಾನದಲ್ಲಿ 2,000 ಚೀಟಿ ಅಚ್ಚು ಹಾಕಿಸಿದೆ, ಪೂರ್ತಿ ಕನ್ನಡದಲ್ಲಿ, ಹಲಸಿನ ಚಿತ್ರ ಸಮೇತ. ಚಂದ ಇತ್ತು. ಮಂಗಳೂರಿನ ಒಂದು ಅಂಗಡಿಯವರು ನೋಡಿ ವಾಪಸ್ ಕೊಟ್ಟರು. ಪ್ಯಾಕೆಟ್ಟಿನ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು, ಅದರ ಜೊತೆಗೆ ಕನ್ನಡ ಎಷ್ಟು ಬೇಕಾದರೂ ಹಾಕಬಹುದು ಅಂದರು. ಎಂಆರ್‌ಪಿ ಇಲ್ಲ, ತಯಾರಿಸಿದ ತಾರೀಕು ಇಲ್ಲ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಂಬರ್ ಇಲ್ಲ. ಆ ಚೀಟಿಗಳ ಹಿಂಬದಿಯಲ್ಲಿ ನನ್ನ ಮಗ ಹತ್ತನೇ ಕ್ಲಾಸಿನ ಗಣಿತ ಪೂರ್ತಿ ಮಾಡಿ ಮುಗಿಸಿದ.

ನಮಗೆ ಕಾಸರಗೋಡಿಗಿಂತ ಗಡಿಯಾಚೆ ಕರ್ನಾಟಕದ ವಿಟ್ಲವೇ ಹತ್ತಿರ. ಮಾರುತ್ತಿದ್ದದ್ದೂ ಆಚೆಗೇ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಗಡಿ ರಸ್ತೆಗೆ ಮಣ್ಣು ಸುರಿದು ಬಂದ್ ಮಾಡಿದರಲ್ಲ, ಆಗ ಹಪ್ಪಳದ ಸೀಸನ್ ಶುರು. ಗಿರಾಕಿ ಆಚೆ, ಡಬ್ಬಿ ಈಚೆ. ಬೇರೆ ದಾರಿ ಇಲ್ಲದೆ ಕಾಸರಗೋಡಿನ ಅಂಗಡಿಗಳಿಗೆ ಹೋದೆ. ಲೇಬಲಿಗೆ ಮಲಯಾಳದಲ್ಲಿ ‘ಚಕ್ಕ ಪಪ್ಪಡಂ’ ಅಂತ ಸೇರಿಸಿದೆ. ಅವರಿಗೆ ಪಪ್ಪಡ ಅಂದರೆ ಉದ್ದಿನದ್ದು, ಪೂರಿ ಹಾಗೆ ಉಬ್ಬಬೇಕು. ಇದು ಉಬ್ಬುವುದಿಲ್ಲವಲ್ಲ, ಹಾಳಾಗಿದೆಯಾ ಅಂತ ಒಬ್ಬರು ಫೋನ್ ಮಾಡಿ ಕೇಳಿದ್ದರು! ಈಗ ನನ್ನ ಮಾಲಿನಲ್ಲಿ ಅರ್ಧ ಈಚೆಗೇ ಖರ್ಚು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮಗೇ ಒಂದು ಪ್ರಶ್ನೆ. ವಾರ್ಷಿಕೋತ್ಸವಕ್ಕೆ ಒಟ್ಟು ಎಷ್ಟು ಖರ್ಚು ಮಾಡಿದಿರಿ? ಶಾಮಿಯಾನ, ಮೈಕು, ಅಡುಗೆ, ಸ್ಮರಣಿಕೆ, ಬ್ಯಾನರು, ವಿಡಿಯೋ. ಅದರಲ್ಲಿ ನಿಮ್ಮ ಆ ಹನ್ನೊಂದು ಮಂದಿಯ ಕೈಗೆ ಎಷ್ಟು ಬಂತು? ಎಲ್ಲವೂ ಪೇಟೆಯಿಂದ ಬಂದಿರಬಹುದು. ಉಳಿದ 42,000 ಅಲ್ಲ, ಖರ್ಚಾದದ್ದೇ ನಿಮ್ಮ ದೊಡ್ಡ ದುಡ್ಡು. ಮುಂದಿನ ವರ್ಷದ್ದು ಈಗಲೇ ಹಂಚಿ. ಸ್ಮರಣಿಕೆ ಇವನು ಮಾಡಲಿ, ಊಟದ ಹಪ್ಪಳ, ಉಪ್ಪಿನಕಾಯಿ ಇವಳು ಕೊಡಲಿ, ಬ್ಯಾನರಿನ ಡಿಸೈನ್ ಇನ್ನೊಬ್ಬ ಮಾಡಲಿ. ಪೇಟೆಯವರಿಗೆ ಕೊಡುವ ರೇಟೇ ಕೊಡಿ, ‘ನಮ್ಮ ಹುಡುಗ ಅಲ್ವಾ’ ಅಂತ ಕಡಿಮೆ ಮಾಡಬೇಡಿ. ಊರಿನವರು ಕೆಲಸ ಶುರು ಮಾಡಿದವನನ್ನು ಮುಗಿಸುವುದು ಹೀಗೆಯೇ, ಪ್ರೀತಿಯಿಂದಲೇ ಸಾಲ ಹೇಳಿಕೊಂಡು.

ಆ 42,000ದಲ್ಲಿ ಬೇಕಿದ್ದರೆ ನಾಲ್ಕು ಒತ್ತುವ ಮಣೆ, ಒಂದು ಒಳ್ಳೆ ತಕ್ಕಡಿ, ಒಂದು ಸೀಲಿಂಗ್ ಮೆಷಿನ್ ತಂದು ಸಂಘದ ಕೋಣೆಯಲ್ಲಿಡಿ. ಬೇಕಾದವರು ಬಳಸಲಿ. ಉಳಿದದ್ದನ್ನು ಮುಟ್ಟಬೇಡಿ. ಯಾರಿಗಾದರೂ ಮೊದಲ ಆರ್ಡರ್ ಬಂದಾಗ ಮಾಲು ತರಲಿಕ್ಕೆ ಕೈಗಡ ಕೊಡಿ, ದುಡ್ಡು ಬಂದ ಮೇಲೆ ವಾಪಸ್ ತಗೊಳ್ಳಿ.

ಕುಂಬಳೆಯ ರಿಟೈರ್ಡ್ ಬ್ಯಾಂಕಿನವ:

ಅಕ್ಕನ ಮಾತಿಗೆ ನನ್ನದೂ ಒಂದು ರುಜು. ಸಾಲದ ವಿಷಯ ಕೇಳಿದ್ದೀರಿ, ಅಷ್ಟು ಮಾತ್ರ ಹೇಳುತ್ತೇನೆ.

ಮೊದಲು ಉದ್ಯಮ್ ರಿಜಿಸ್ಟ್ರೇಷನ್, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ದಾಖಲಿಸುವುದು. ಇದು ಸರ್ಕಾರಿ ಪೋರ್ಟಲಿನಲ್ಲಿ ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅಲ್ಲಿಂದ ಎದ್ದು ಬನ್ನಿ. ತಿಂಡಿ ತಿನಿಸು ಆದರೆ ಎಫ್‌ಎಸ್‌ಎಸ್‌ಎಐಯ ಸಣ್ಣ ರಿಜಿಸ್ಟ್ರೇಷನ್, ವರ್ಷಕ್ಕೆ 100 ರೂಪಾಯಿ. ಕೇರಳದಲ್ಲಿ 2019ರ ಒಂದು ಕಾನೂನು ಉಂಟು. ಸಣ್ಣ ಉದ್ಯಮದವರು ಸ್ವಯಂ ಘೋಷಣೆ ಕೊಟ್ಟು ರಸೀದಿ ಪಡೆದರೆ ರಾಜ್ಯದ ಹೆಚ್ಚಿನ ಲೈಸನ್ಸುಗಳಿಗೆ ಕಾಯದೆ ಕೆಲಸ ಶುರು ಮಾಡಬಹುದು, ಮೂರು ವರ್ಷದವರೆಗೆ ಅವಿಲ್ಲದೆ ನಡೆಸಬಹುದು. ಆಹಾರದ ರಿಜಿಸ್ಟ್ರೇಷನ್ ಕೇಂದ್ರದ ಕಾನೂನು, ಅದಕ್ಕೆ ಈ ರಿಯಾಯಿತಿ ಇಲ್ಲ.

ಗಡಿಯವರಿಗೆ ಒಂದು ಮುಖ್ಯ ವಿಷಯ. ವಿಟ್ಲ, ಪುತ್ತೂರು ನಮಗೆ ಪಕ್ಕದ ಊರು, ಜಿಎಸ್‌ಟಿಗೆ ಅದು ಬೇರೆ ರಾಜ್ಯ. ತೆರಿಗೆ ಇರುವ ಸಾಮಾನನ್ನು ಆಚೆಗೆ ಮಾರುವುದಾದರೆ ವ್ಯಾಪಾರ ಎಷ್ಟೇ ಸಣ್ಣದಿದ್ದರೂ ಸಾಮಾನ್ಯವಾಗಿ ಜಿಎಸ್‌ಟಿ ನಂಬರ್ ಬೇಕು. ಹಪ್ಪಳಕ್ಕೆ ತೆರಿಗೆ ಸೊನ್ನೆ. ಹಾಗಾಗಿ ಅಕ್ಕ ಬಚಾವ್. ಚಿಪ್ಸ್ ಮಾಡುವವರು ಬಚಾವ್ ಅಲ್ಲ.

ಸಾಲಕ್ಕೆ ಕೇಂದ್ರದ ಮುದ್ರಾ ಯೋಜನೆಯ ‘ಶಿಶು’ ಸಾಲ 50,000ದವರೆಗೆ, ಅಡಮಾನ ಬೇಡ. ದೊಡ್ಡದಾದರೆ ಪಿಎಂಇಜಿಪಿ, ಸ್ವಂತ ಉದ್ಯಮಕ್ಕೆ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ 25, ಮಹಿಳೆಯರು, ಹಿಂದುಳಿದವರು ಮೊದಲಾದವರಿಗೆ 35 ಶೇಕಡ ಸಬ್ಸಿಡಿ. ಹೊಸ ಘಟಕಕ್ಕೆ ಮಾತ್ರ. ಆ ಸಬ್ಸಿಡಿ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂರುತ್ತದೆ, ಕೈಗೆ ಬರುವುದಿಲ್ಲ. ಇದು ತಿಳಿಯದೆ ‘ಸಬ್ಸಿಡಿ ಎಲ್ಲಿ’ ಅಂತ ನನ್ನ ಮೇಜಿನ ಮುಂದೆ ಜಗಳಕ್ಕೆ ನಿಂತವರು ಕಡಿಮೆ ಅಲ್ಲ. ಸಣ್ಣ ಆಹಾರ ಘಟಕಗಳಿಗೆ ಪಿಎಂಎಫ್‌ಎಂಇ ಅಂತ ಕೇಂದ್ರದ ಯೋಜನೆ 2020ರಲ್ಲಿ ಬಂತು, ಸಬ್ಸಿಡಿ 35 ಶೇಕಡ, 10 ಲಕ್ಷದವರೆಗೆ. ಆಹಾರ ತಯಾರಿಸುವ, ಕುಟುಂಬಶ್ರೀಯಂಥ ಮಹಿಳಾ ಸ್ವಸಹಾಯ ಗುಂಪುಗಳಿಗೆ ಸದಸ್ಯರೊಬ್ಬರಿಗೆ 40,000ದ ಲೆಕ್ಕದಲ್ಲಿ ಮೂಲಧನವೂ ಅದರಲ್ಲಿತ್ತು. ಇವೆಲ್ಲ ಆಗಾಗ ಬದಲಾಗುತ್ತವೆ. ಬ್ಲಾಕಿನ ಕೈಗಾರಿಕಾ ವಿಸ್ತರಣಾಧಿಕಾರಿಯನ್ನೋ ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರವನ್ನೋ ಕೇಳಿಯೇ ಮುಂದುವರಿಯಿರಿ.

ಅರ್ಜಿ ಮಲಯಾಳದಲ್ಲಿ ಉಂಟು ಅಂತ ಹುಡುಗರು ಹಿಂದೆ ಸರಿಯುವುದನ್ನು ಬೇಕಾದಷ್ಟು ನೋಡಿದ್ದೇನೆ. ನಮ್ಮ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕು ಕೇರಳದ 1969ರ ಭಾಷಾ ಕಾನೂನಿನಿಂದಲೇ ಬಂದದ್ದು. ಬರೆಯಿರಿ. ಆದರೆ ಮಲಯಾಳ ಬರುವ ಒಬ್ಬನನ್ನು ಜೊತೆಗೆ ಕರಕೊಂಡು ಹೋಗಿ, ಕೆಲಸ ಬೇಗ ಆಗುತ್ತದೆ.

ತರಬೇತಿ ಬೇಕೇ ಬೇಕು ಅಂದರೆ ಆರ್‌ಸೆಟಿ ನೋಡಿ, ಬ್ಯಾಂಕಿನವರು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ. ಊಟ, ವಸತಿ ಸಮೇತ ಉಚಿತ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯೇ ಆಮೇಲೆ ದೇಶದ ಜಿಲ್ಲೆ ಜಿಲ್ಲೆಗೂ ಹೋದದ್ದು. ತೆಂಗಿನಲ್ಲಿ ಏನಾದರೂ ಮಾಡುವವರು ಕಾಸರಗೋಡಿನ ಕೂಡ್ಲಿನಲ್ಲಿರುವ ಕೇಂದ್ರ ತೋಟ ಬೆಳೆ ಸಂಶೋಧನಾ ಸಂಸ್ಥೆಗೆ (ಸಿಪಿಸಿಆರ್‌ಐ) ಹೋಗಲಿ. ತೆಂಗಿನ ಚಿಪ್ಸ್, ಕಲ್ಪರಸ (ತೆಂಗಿನ ಹೊಂಬಾಳೆಯಿಂದ ಇಳಿಸುವ ಸಿಹಿ ರಸ) ಇವುಗಳ ತಂತ್ರಜ್ಞಾನ ಅಲ್ಲಿಯದ್ದೇ. ಹೊಸಬರ ಉದ್ಯಮ ಬೆಳೆಸಲಿಕ್ಕೆ ಸಹಾಯ ಮಾಡುವ ಇನ್‌ಕ್ಯುಬೇಶನ್ ಕೇಂದ್ರವೂ ಇದೆ. ನಮ್ಮ ಹುಡುಗರು ಆ ಗೇಟಿನ ಮುಂದೆ ದಿನಾ ಬಸ್ಸಿನಲ್ಲಿ ಹೋಗುತ್ತಾರೆ, ಒಳಗೆ ಹೋದವರು ಎಷ್ಟು ಮಂದಿ?

ಮುಳ್ಳೇರಿಯ ಕಾರ್ಯದರ್ಶಿ:

ಎಲ್ಲರಿಗೂ ತುಂಬ ಉಪಕಾರ ಆಯಿತು. ನಿನ್ನೆ ರಾತ್ರಿ ವಾರ್ಷಿಕೋತ್ಸವದ ಖರ್ಚಿನ ಪುಸ್ತಕ ತೆಗೆದು ನೋಡಿದೆ ಅಕ್ಕ. ಒಟ್ಟು 1,86,000. ಊರಿನವರಿಗೆ ಹೋದದ್ದು ಬಾಳೆ ಎಲೆಯ 1,400 ಮಾತ್ರ. ಅದೂ ನಮ್ಮ ಖಜಾಂಚಿಯ ಮಾವನ ತೋಟದ್ದು. ಸಮಿತಿಯಲ್ಲಿ ಇದನ್ನೇ ಓದಿ ಹೇಳಿದೆ. ಶಿಬಿರದವರು ಸ್ವಲ್ಪ ಹೊತ್ತು ಸುಮ್ಮನಾದರು, ಆಮೇಲೆ ಬ್ಯಾನರ್ ಆದರೂ ಇರಲಿ ಅಂದರು.

ಹನ್ನೊಂದು ಮಂದಿಯಲ್ಲಿ ನಾಲ್ವರು ಹಪ್ಪಳಕ್ಕೆ ತಯಾರಿದ್ದಾರೆ. ಒಬ್ಬ ಹುಡುಗ ಸ್ಮರಣಿಕೆಗೆ ಮರದ ಕೆಲಸ ಕಲಿತು ಮಾಡುತ್ತೇನೆ ಅನ್ನುತ್ತಿದ್ದಾನೆ. ಆದೂರಿನ ತಮ್ಮಾ, ಮುಂದಿನ ಸಲ ತಟ್ಟೆ ನಿನ್ನಿಂದಲೇ. ಅಕ್ಕಾ, ಆ ನಾಲ್ವರನ್ನು ಒಂದು ದಿನ ನಿಮ್ಮಲ್ಲಿಗೆ ಕರಕೊಂಡು ಬರಬಹುದಾ?

ಪೆರ್ಲದ ಹಪ್ಪಳಕ್ಕ:

ಭಾನುವಾರ ಬನ್ನಿ, ಬೆಳಿಗ್ಗೆ ಏಳಕ್ಕೆ. ಬಿಸಿಲು ಬರುವ ಮೊದಲು ಕಾಯಿ ಬೆಂದಿರಬೇಕು. ಕಾಯಿ ನೀವೇ ತನ್ನಿ, ಎರಡು ಸಾಕು. ಮೇಣಕ್ಕೆ ತೆಂಗಿನೆಣ್ಣೆ ನಾನು ಕೊಡುತ್ತೇನೆ. ಬಿಳಿ ಅಂಗಿ ಹಾಕಿ ಬರಬೇಡಿ ಅಂತ ಹುಡುಗರಿಗೆ ಹೇಳಿ.