ಡೆಟ್ರಾಯ್ಟ್‌ನಲ್ಲಿ ಬಾಡಿ ಶಾಪ್ ಕೆಲಸ: ಹೊರಡುವ ಮುಂಚೆ ಏನೇನು ತಿಳಿದಿರಬೇಕು?

ಬಿಡದಿ_ವೆಲ್ಡರ್:

ಎಲ್ಲರಿಗೂ ನಮಸ್ಕಾರ. ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಸ್ಪಾಟ್ ವೆಲ್ಡಿಂಗ್ (ತಾಮ್ರದ ತುದಿಗಳ ನಡುವೆ ಶೀಟುಗಳನ್ನು ಒತ್ತಿ, ಕರೆಂಟ್ ಹಾಯಿಸಿ ಬೆಸೆಯೋದು) ಪ್ರೊಸೆಸ್ ಎಂಜಿನಿಯರ್ ಆಗಿದ್ದೇನೆ. ಡೆಟ್ರಾಯ್ಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ, ಕಾರು ಕಂಪನಿಗಳಿಗೆ ಬಾಡಿಯ ಭಾಗಗಳನ್ನು ಪೂರೈಸುವ ಸಪ್ಲೈಯರ್ ಒಬ್ಬರಲ್ಲಿ ಎಚ್‌-1ಬಿ ಮೇಲೆ ಕೆಲಸ ಸಿಕ್ಕಿದೆ. ಜನವರಿಯಲ್ಲಿ ಸೇರಬೇಕು. ಹೆಂಡತಿ ಮತ್ತು ಆರು ವರ್ಷದ ಮಗಳು ಜೊತೆಗೆ ಬರುತ್ತಾರೆ.

ನಿಮ್ಮಿಂದ ತಿಳಿಯಬೇಕಾದ್ದು ಇಷ್ಟು. ಶಾಪ್ ಫ್ಲೋರ್‌ನಲ್ಲಿ ನಮ್ಮಲ್ಲಿಗೂ ಅಲ್ಲಿಗೂ ನಿಜವಾಗಿ ಏನು ವ್ಯತ್ಯಾಸ? ಮನೆ ಯಾವ ಕಡೆ ಹುಡುಕಬೇಕು? ಚಳಿಗಾಲದ ಮಧ್ಯದಲ್ಲಿ ಬಂದು ಹಳೆ ಕಾರು ತೊಗೊಳ್ಳೋದಾದರೆ ಏನು ನೋಡಬೇಕು? ಇನ್ನೊಂದು, "ಆ ಊರು ದಿವಾಳಿ ಎದ್ದಿತ್ತಲ್ಲ, ಅಲ್ಲಿ ಇನ್ನೂ ಕಾರ್ಖಾನೆ ನಡೀತಾವಾ?" ಅಂತ ಮನೆಯಲ್ಲಿ ಕೇಳ್ತಿದ್ದಾರೆ. ಗೊತ್ತಿದ್ದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕಾಪರ್_ಟಿಪ್:

ಶಾಪ್ ಫ್ಲೋರ್ ಬಗ್ಗೆ ನಾನು ಹೇಳ್ತೀನಿ. ಮೊದಲ ಪೆಟ್ಟು ಬೀಳೋದು ಕರೆಂಟಿನ ಫ್ರೀಕ್ವೆನ್ಸಿಯಲ್ಲಿ. ನಮ್ಮಲ್ಲಿ 50 ಹರ್ಟ್ಸ್, ಅಲ್ಲಿ 60. ಹಳೆಯ ಎಸಿ ಟೈಮರ್‌ಗಳಲ್ಲಿ ವೆಲ್ಡ್ ಟೈಮನ್ನು ಸೈಕಲ್ (ಎಸಿ ಕರೆಂಟಿನ ಒಂದು ಸುತ್ತು) ಲೆಕ್ಕದಲ್ಲಿ ಕೊಡ್ತಾರೆ ಅಲ್ವಾ? ಬಿಡದಿಯ 12 ಸೈಕಲ್ ಅಂದರೆ 240 ಮಿಲಿಸೆಕೆಂಡ್. ಅದೇ 12ನ್ನು ಅಲ್ಲಿ ಹಾಕಿದರೆ 200 ಮಿಲಿಸೆಕೆಂಡಿಗೆ ಮುಗಿದುಹೋಗುತ್ತೆ. ಮೇಲಿನಿಂದ ನೋಡಿದರೆ ಅಚ್ಚು ಚೆನ್ನಾಗೇ ಕಾಣುತ್ತೆ, ಉಳಿ ಹಾಕಿದ ಕೂಡಲೇ ಎರಡು ಶೀಟೂ ಬೇರೆಯಾಗಿ ಬರುತ್ತವೆ, ಬಟನ್ನೇ (ಕರಗಿ ಬೆಸೆದ ಲೋಹದ ಗುಂಡಿ) ಎದ್ದಿರೋದಿಲ್ಲ. ಆ ಶೆಡ್ಯೂಲನ್ನು (ವೆಲ್ಡಿಂಗ್ ಸೆಟ್ಟಿಂಗ್) 14 ಸೈಕಲ್‌ನಿಂದ ಶುರು ಮಾಡಿ, ಆಮೇಲೆ ಕರೆಂಟ್ ಸರಿಮಾಡಿಕೊಳ್ಳಿ. ಹೊಸ ಎಂಎಫ್‌ಡಿಸಿ (ಮಧ್ಯಮ ಫ್ರೀಕ್ವೆನ್ಸಿಯ ಡಿಸಿ) ವೆಲ್ಡಿಂಗ್ ಗನ್‌ಗಳಲ್ಲಿ ಮಿಲಿಸೆಕೆಂಡಿನಲ್ಲೇ ಸೆಟ್ ಮಾಡುವುದರಿಂದ ಈ ತೊಂದರೆ ಇಲ್ಲ. ಹಳೆ ಶೆಡ್ಯೂಲ್ ಶೀಟ್‌ನಿಂದ ನಕಲು ಮಾಡುವಾಗ ಮಾತ್ರ ಯಾವ ದೇಶದ ಸೈಕಲ್ ಅಂತ ನೋಡಿಕೊಳ್ಳಿ.

ಅಳತೆಗಳ ವಿಷಯ. ಕಾರಿನ ಡ್ರಾಯಿಂಗ್‌ಗಳೆಲ್ಲ ಮಿಲಿಮೀಟರಿನಲ್ಲೇ ಇರುತ್ತವೆ, ಅದರ ಚಿಂತೆ ಬೇಡ. ಆದರೆ ಕಟ್ಟಡ, ಪೈಪು, ಗಾಳಿ ಎಲ್ಲ ಇಂಚು ಮತ್ತು ಪಿಎಸ್‌ಐ. 6 ಬಾರ್ ಅಂದರೆ 87 ಪಿಎಸ್‌ಐ. ಟಿಪ್ ಫೋರ್ಸ್ (ತಾಮ್ರದ ತುದಿಗಳು ಶೀಟನ್ನು ಒತ್ತುವ ಬಲ) ಪೌಂಡಿನಲ್ಲಿ ಬರೆದಿರ್ತಾರೆ, 1 ಕಿಲೋನ್ಯೂಟನ್‌ಗೆ ಸುಮಾರು 225 ಪೌಂಡ್ ಅಂತ ತಲೆಯಲ್ಲಿ ಇಟ್ಟುಕೊಳ್ಳಿ. ಫ್ಯಾಕ್ಟರಿಯ ಮೂರು ಫೇಸ್ ಸಪ್ಲೈ 480 ವೋಲ್ಟ್, ನಮ್ಮ 415 ಅಲ್ಲ. ಪೈಪ್ ಥ್ರೆಡ್ಡಿನಲ್ಲಿ ತುಂಬಾ ಹುಷಾರು. ನಮ್ಮ ಬಿಎಸ್‌ಪಿ 55 ಡಿಗ್ರಿ ಥ್ರೆಡ್, ಅಲ್ಲಿಯ ಎನ್‌ಪಿಟಿ 60 ಡಿಗ್ರಿ. ಅರ್ಧ ಇಂಚು, ಮುಕ್ಕಾಲು ಇಂಚಿನ ಸೈಜಿನಲ್ಲಿ ಎರಡಕ್ಕೂ ಇಂಚಿಗೆ 14 ಥ್ರೆಡ್ಡೇ ಇರುವುದರಿಂದ ಒಂದರೊಳಗೆ ಇನ್ನೊಂದು ಕೂತ ಹಾಗೇ ಆಗುತ್ತೆ. ಟೇಪು ಎಷ್ಟು ಸುತ್ತಿದರೂ ಸೋರೋದು ನಿಲ್ಲಲ್ಲ. ಭಾರತದಿಂದ ಅಥವಾ ಜಪಾನಿನಿಂದ ಬಂದ ಫಿಕ್ಸ್ಚರ್‌ನ ನೀರಿನ ಲೈನ್ ಸೋರಿದರೆ ಮೊದಲು ಇದನ್ನೇ ನೋಡಿ.

ಗ್ಯಾಲ್ವನೈಸ್ಡ್ ಶೀಟಿನ ಕಥೆ ನಿಮಗೆ ಗೊತ್ತಿರುವುದೇ. ಸತು ತಾಮ್ರದ ಕ್ಯಾಪಿಗೆ ಹತ್ತಿ ಹಿತ್ತಾಳೆಯಾಗಿ ಮುಖ ಅಗಲವಾಗುತ್ತೆ, ಕರೆಂಟ್ ಚದುರುತ್ತೆ, ಅದಕ್ಕೇ ಕರೆಂಟನ್ನು ಹಂತಹಂತವಾಗಿ ಏರಿಸುವ ಸ್ಟೆಪ್ಪರ್ ಮತ್ತು ಕ್ಯಾಪಿನ ಮುಖ ಹೆರೆಯುವ ಟಿಪ್ ಡ್ರೆಸ್ಸರ್. ಇನ್ನೊಂದು ತೊಂದರೆ ಜುಲೈನಲ್ಲಿ ಬರುತ್ತೆ. ಮಿಶಿಗನ್ ಬೇಸಿಗೆ ಸೆಕೆಯದು, ಗಾಳಿಯಲ್ಲಿ ತೇವ ಜಾಸ್ತಿ. ಚಿಲ್ಲರ್ ನೀರನ್ನು ಅತಿಯಾಗಿ ತಣ್ಣಗೆ ಇಟ್ಟರೆ ಕಂಟ್ರೋಲರ್ ಕ್ಯಾಬಿನೆಟ್ಟಿನೊಳಗೆ ನೀರು ಬೆವರಿ ಟ್ರಿಪ್ ಆಗುತ್ತೆ. ನೀರಿನ ತಾಪ ಡ್ಯೂ ಪಾಯಿಂಟಿಗಿಂತ (ಗಾಳಿಯ ತೇವ ನೀರಾಗಿ ಕೂರುವ ತಾಪ) ಮೇಲೇ ಇರಲಿ.

ಬೆಸೆದದ್ದನ್ನು ಬಿಡಿಸಿ ನೋಡುವ ಟಿಯರ್‌ಡೌನ್‌ನಲ್ಲಿ ಬಟನ್ ವ್ಯಾಸಕ್ಕೆ ಸಾಮಾನ್ಯ ಲೆಕ್ಕ ದಪ್ಪದ ವರ್ಗಮೂಲದ 4 ಪಟ್ಟು, ಅಂದರೆ 1.2 ಮಿ.ಮೀ. ಶೀಟಿಗೆ 4.4 ಮಿ.ಮೀ. ಆದರೆ ಕಸ್ಟಮರ್ ಸ್ಪೆಕ್ ಏನು ಹೇಳುತ್ತೋ ಅದೇ ಅಂತಿಮ. ಕಾಯಿಸಿ ಅಚ್ಚೊತ್ತಿ ತುಂಬಾ ಗಟ್ಟಿಯಾಗಿಸಿದ ಹಾಟ್ ಸ್ಟಾಂಪ್ ಬೋರಾನ್ ಸ್ಟೀಲಿಗೆ ಉಳಿ ನಂಬಬೇಡಿ, ಒಳ್ಳೆ ವೆಲ್ಡೂ ನಡುವಿನಲ್ಲೇ ಮುರಿದು ತಪ್ಪು ತೀರ್ಪು ಕೊಡುತ್ತೆ. ಅಲ್ಟ್ರಾಸೌಂಡ್ ಮಾಡಿ, ಇಲ್ಲವಾದರೆ ಕತ್ತರಿಸಿ ನೋಡಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಪ್ಲಾಂಟಿನಲ್ಲಿ ಯೂನಿಯನ್ ಇದ್ದರೆ ಎಂಜಿನಿಯರ್ ಸ್ಪ್ಯಾನರ್ ಹಿಡಿಯುವ ಹಾಗಿಲ್ಲ. ಎಲೆಕ್ಟ್ರಿಷಿಯನ್, ಮಿಲ್‌ರೈಟ್ (ಯಂತ್ರ ಕೂರಿಸುವವರು), ಪೈಪ್‌ಫಿಟ್ಟರ್, ಟೂಲ್‌ಮೇಕರ್ ಅಂತ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಕಾಂಟ್ರಾಕ್ಟಿನಲ್ಲೇ ಬರೆದಿರುತ್ತೆ. ಲೈನ್ ನಿಂತಿದೆ ಅನ್ನುವ ಆತುರಕ್ಕೆ ನೀವೇ ಒಂದು ಪ್ರಾಕ್ಸಿಮಿಟಿ ಸ್ವಿಚ್ ಬದಲಿಸಿದರೂ ಗ್ರೀವನ್ಸ್ (ಯೂನಿಯನ್ ದೂರು) ಹಾಕ್ತಾರೆ, ಮತ್ತು ಅವರು ಹಾಕೋದು ಸರಿ. ಮೊದಲ ದಿನವೇ ಸೂಪರ್‌ವೈಸರ್ ಹತ್ತಿರ ಕೇಳಿ: ಪ್ಯಾರಾಮೀಟರ್ ನಾನು ಬದಲಿಸಬಹುದಾ, ರೋಬಾಟ್ ಪಾಯಿಂಟ್ ಟಚ್‌ಅಪ್ ಯಾರ ಕೆಲಸ? ಪ್ಲಾಂಟಿನಿಂದ ಪ್ಲಾಂಟಿಗೆ ಉತ್ತರ ಬೇರೆ.

ಲಾಕ್‌ಔಟ್ (ಯಂತ್ರದ ಪವರ್ ಕಡಿದು ಬೀಗ ಹಾಕೋದು) ವಿಷಯದಲ್ಲಿ ರಾಜಿಯೇ ಇಲ್ಲ. ಸೆಲ್ಲಿನೊಳಗೆ (ಬೇಲಿ ಹಾಕಿದ ರೋಬಾಟ್ ಜಾಗ) ಕಾಲಿಡುವ ಪ್ರತಿಯೊಬ್ಬರದೂ ಸ್ವಂತ ಬೀಗ, ಸ್ವಂತ ಟ್ಯಾಗ್. ಬೀಗ ಹಾಕಿದ ಮೇಲೆ ಗಾಳಿ ಬಿಟ್ಟು, ಮೇಲೆತ್ತಿದ ಭಾಗಕ್ಕೆ ಪಿನ್ ಕೊಟ್ಟು, ಸ್ಟಾರ್ಟ್ ಒತ್ತಿ ಏನೂ ಅಲುಗಾಡಲ್ಲ ಅಂತ ಖಾತ್ರಿ ಮಾಡಿಕೊಂಡೇ ಒಳಗೆ. ಇನ್ನೊಬ್ಬರ ಬೀಗ ತೆಗೆಯೋ ಪ್ರಶ್ನೆಯೇ ಇಲ್ಲ.

ಎಂಟನೇ_ಮೈಲಿ:

ಊರಿನ ಬಗ್ಗೆ. ಡೆಟ್ರಾಯ್ಟ್ ನಗರಸಭೆ 2013ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿದ್ದು ನಿಜ, ಸುಮಾರು 1,800 ಕೋಟಿ ಡಾಲರ್ ಸಾಲ. 2014ರ ಡಿಸೆಂಬರಿನಲ್ಲಿ ಅದರಿಂದ ಹೊರಬಂತು. ಆಗ ದಿವಾಳಿಯಾಗಿದ್ದು ನಗರಾಡಳಿತ, ಕಾರ್ಖಾನೆಗಳಲ್ಲ. ಇದನ್ನು ಮನೆಯವರಿಗೆ ಬಿಡಿಸಿ ಹೇಳಿ.

ಕಾರಣ ತುಂಬಾ ಹಿಂದಿನದು. 1913ರಲ್ಲಿ ಫೋರ್ಡ್ ಕಂಪನಿ ಹೈಲ್ಯಾಂಡ್ ಪಾರ್ಕಿನಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಹಾಕಿದಾಗ ಒಂದು ಚಾಸಿ ಜೋಡಿಸುವ ಸಮಯ ಹನ್ನೆರಡೂವರೆ ಗಂಟೆಯಿಂದ 93 ನಿಮಿಷಕ್ಕೆ ಇಳಿಯಿತು. ಆದರೆ ಆ ಏಕತಾನದ ಕೆಲಸ ತಾಳಲಾರದೆ ಜನ ಬಿಟ್ಟು ಹೋಗ್ತಾನೇ ಇದ್ದರು, ಆ ವರ್ಷ ಕೆಲಸಗಾರರ ಬದಲಾವಣೆ ಶೇ 370. ಅವರನ್ನು ಹಿಡಿದಿಡೋಕೆ 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಘೋಷಿಸಿದರು. ಆಮೇಲೆ ಡಿಯರ್‌ಬಾರ್ನ್‌ನ ರೂಜ್ ಕಾರ್ಖಾನೆ: ಒಂದು ಕಡೆ ಹಡಗಿನಿಂದ ಅದಿರು ಇಳಿದರೆ ಇನ್ನೊಂದು ಕಡೆ ಕಾರು ಹೊರಗೆ. ಹೀಗೆ ಬೆಳೆದ ನಗರದ ಜನಸಂಖ್ಯೆ 1950ರಲ್ಲಿ ಹದಿನೆಂಟೂವರೆ ಲಕ್ಷ ಮುಟ್ಟಿತ್ತು. ಬಹುಮಹಡಿ ಕಾರ್ಖಾನೆ ಬಿಟ್ಟು ಒಂದೇ ನೆಲದ ಉದ್ದನೆ ಪ್ಲಾಂಟ್ ಕಟ್ಟೋಕೆ ಜಾಗ ಬೇಕಾಗಿ ಕಂಪನಿಗಳು ಹೊರವಲಯಕ್ಕೆ ಹೋದವು. ಹೆದ್ದಾರಿ, ಜನಾಂಗಭೇದ, ಅಗ್ಗದ ಗೃಹಸಾಲ ಸೇರಿ ಬಿಳಿಯರೂ ತೆರಿಗೆ ಹಣವೂ ಅತ್ತಲೇ ಹೊರಟವು. ಕಪ್ಪು ಜನರಿಗೆ ಆ ಸಾಲವೂ ಆ ಬಡಾವಣೆಗಳೂ ಸಿಗದ ಹಾಗೆ ನೋಡಿಕೊಂಡರು. 2020ರ ಗಣತಿಯಲ್ಲಿ ನಗರದಲ್ಲಿ ಉಳಿದಿದ್ದು 6,39,111 ಜನ. 2023ರ ಅಂದಾಜಿನಲ್ಲಿ, 1957ರ ನಂತರ ಮೊದಲ ಸಲ ಜನಸಂಖ್ಯೆ ಸ್ವಲ್ಪ ಏರಿದೆ. ಪಾಳು ಬಿದ್ದಿದ್ದ ಮಿಶಿಗನ್ ಸೆಂಟ್ರಲ್ ರೈಲು ನಿಲ್ದಾಣದ ಕಟ್ಟಡ 2024ರ ಜೂನಿನಲ್ಲಿ ಮತ್ತೆ ತೆರೆದಿದೆ.

ನಗರದ ಒಳಗೂ ಪ್ಲಾಂಟುಗಳಿವೆ, ಜೆಫರ್ಸನ್ ನಾರ್ತ್ ಮತ್ತು ಮ್ಯಾಕ್. ಜಿಎಂನ ಫ್ಯಾಕ್ಟರಿ ಜೀರೋ ಡೆಟ್ರಾಯ್ಟ್ ಮತ್ತು ಹ್ಯಾಮ್‌ಟ್ರಾಮಿಕ್ ಗಡಿಯ ಮೇಲಿದೆ. ನಿಮ್ಮ ಕಡೆ ಮೌಂಡ್ ರೋಡ್ ಮತ್ತು ವ್ಯಾನ್ ಡೈಕ್ ಎರಡೇ ಮುಖ್ಯ ಸಾಲು. ವಾರನ್‌ನಿಂದ ಸ್ಟರ್ಲಿಂಗ್ ಹೈಟ್ಸ್‌ವರೆಗೆ ಅಸೆಂಬ್ಲಿ, ಸ್ಟಾಂಪಿಂಗ್, ಆಕ್ಸಲ್ ಪ್ಲಾಂಟು, ನಡುನಡುವೆ ನೂರಾರು ಡೈ ಶಾಪು, ಟೂಲ್ ಶಾಪು.

ದಾರಿ ಹುಡುಕೋದು ಸುಲಭ. ಅಡ್ಡ ರಸ್ತೆಗಳು ಮೈಲಿಗೊಂದರಂತೆ. 8 ಮೈಲ್ ರೋಡ್ ಡೆಟ್ರಾಯ್ಟ್‌ನ ಉತ್ತರದ ಗಡಿ, ಟ್ರಾಯ್‌ನ ಬಿಗ್ ಬೀವರ್ ಅಂದರೆ 16ನೇ ಮೈಲಿ. ದೊಡ್ಡ ರಸ್ತೆಗಳ ಸಿಗ್ನಲ್ಲಿನಲ್ಲಿ ನೇರ ಎಡಕ್ಕೆ ತಿರುಗೋಕೆ ಬಿಡಲ್ಲ. ಸಿಗ್ನಲ್ ದಾಟಿ ಮುಂದೆ ಹೋಗಿ, ಮೀಡಿಯನ್‌ನಲ್ಲಿ ಯು-ಟರ್ನ್ ಹೊಡೆದು ವಾಪಸ್ ಬಂದು ಬಲಕ್ಕೆ ತಿರುಗಬೇಕು.

ಮನೆಗೆ ಟ್ರಾಯ್, ರಾಚೆಸ್ಟರ್ ಹಿಲ್ಸ್ ಅಥವಾ ಸ್ಟರ್ಲಿಂಗ್ ಹೈಟ್ಸ್ ನೋಡಿ. ನೋವೈ, ಕ್ಯಾಂಟನ್‌ನಲ್ಲಿ ನಮ್ಮವರು ತುಂಬಾ ಇದ್ದಾರೆ ಅಂತ ಅಲ್ಲಿ ಮನೆ ಮಾಡಬೇಡಿ. ಬೆಳಗಿನ 6ರ ಶಿಫ್ಟಿಗೆ ಹಿಮದಲ್ಲಿ ಅಷ್ಟು ದೂರ ಓಡಿಸೋದು ಬಲು ಕಷ್ಟ. ಭಾರತೀಯ ಟೆಂಪಲ್ ಟ್ರಾಯ್‌ನಲ್ಲೇ ಇದೆ, ಪಂಪ ಕನ್ನಡ ಕೂಟದ ಹಬ್ಬಗಳಿಗೆ ಎಲ್ಲಿಂದಲಾದರೂ ಹೋಗಿ ಬರಬಹುದು. ರಾಜ್ಯದ ಆದಾಯ ತೆರಿಗೆ ಶೇ 4.25. ಡೆಟ್ರಾಯ್ಟ್ ನಗರದೊಳಗೆ ವಾಸವಿದ್ದರೆ ಮೇಲೆ ಶೇ 2.4, ಹೊರಗಿದ್ದು ಒಳಗೆ ಕೆಲಸ ಮಾಡಿದರೆ ಶೇ 1.2. ಸ್ಟರ್ಲಿಂಗ್ ಹೈಟ್ಸ್‌ಗೆ ನಗರ ತೆರಿಗೆ ಇಲ್ಲ.

ತುಕ್ಕು_ತಪಾಸಣೆ:

ಮನೆ ವಿಷಯಕ್ಕೆ ಒಂದು ಸೇರಿಸ್ತೀನಿ. ವಿಳಾಸದಲ್ಲಿ ಟ್ರಾಯ್ ಅಂತ ಇದ್ದರೆ ಸ್ಕೂಲೂ ಟ್ರಾಯ್‌ದೇ ಅಂತಲ್ಲ. ಊರಿನ ಅಂಚಿನ ಭಾಗಗಳು ಬೇರೆ ಸ್ಕೂಲ್ ಡಿಸ್ಟ್ರಿಕ್ಟಿಗೆ ಸೇರುತ್ತವೆ. ಸ್ಟರ್ಲಿಂಗ್ ಹೈಟ್ಸ್ ಕೂಡ ಯುಟಿಕಾ ಮತ್ತು ವಾರನ್ ಕನ್ಸಾಲಿಡೇಟೆಡ್ ನಡುವೆ ಹಂಚಿಹೋಗಿದೆ. ಲೀಸಿಗೆ ಸಹಿ ಹಾಕುವ ಮುಂಚೆ ಮನೆ ನಂಬರ್ ಸಮೇತ ಡಿಸ್ಟ್ರಿಕ್ಟ್ ಆಫೀಸಿಗೆ ಫೋನ್ ಮಾಡಿ ಕೇಳಿ.

ಇನ್ನು ಕಾರು. ಡೆಟ್ರಾಯ್ಟ್ ನಗರದ ಅಡಿಯಲ್ಲೇ, 1,100 ಅಡಿಗೂ ಆಳದಲ್ಲಿ ಉಪ್ಪಿನ ಗಣಿ ಇದೆ. ಚಳಿಗಾಲದಲ್ಲಿ ರಸ್ತೆಗೆ ಸುರಿಯೋದು ಇಂಥ ಕಲ್ಲುಪ್ಪನ್ನೇ. ಮಂಜುಗಡ್ಡೆ ಕರಗಿಸುವ ಆ ಉಪ್ಪುನೀರು ಕಾರಿನ ಹೊಟ್ಟೆಯ ಕಬ್ಬಿಣವನ್ನೆಲ್ಲ ತಿನ್ನುತ್ತೆ. ಮಿಶಿಗನ್‌ನಲ್ಲಿ ವಾಹನಗಳ ವಾರ್ಷಿಕ ತಪಾಸಣೆ ಅಂತ ಇಲ್ಲವೇ ಇಲ್ಲ, ಹಾಗಾಗಿ ಕೊಳ್ಳುವವರೇ ನೋಡಿಕೊಳ್ಳಬೇಕು.

ಯಾವ ಹಳೆ ಕಾರನ್ನೂ ಹಾಯ್ಸ್ಟಿಗೆ ಏರಿಸದೆ ತೊಗೋಬೇಡಿ. ಪರಿಚಯವಿಲ್ಲದ ಗ್ಯಾರೇಜಿಗೆ ದುಡ್ಡು ಕೊಟ್ಟಾದರೂ ಸರಿ. ಮೊದಲು ಬ್ರೇಕ್ ಪೈಪು: ಪೆಟ್ರೋಲ್ ಟ್ಯಾಂಕಿನ ಮೇಲ್ಗಡೆ, ಹಿಂದಿನ ಚಕ್ರದ ಹತ್ತಿರ ಹೊಪ್ಪಳಿಕೆ ಎದ್ದಿದೆಯಾ ನೋಡಿ. ಜೋರಾಗಿ ಬ್ರೇಕ್ ಒತ್ತಿದಾಗ ಒಡೆಯೋದು ಅಲ್ಲೇ. ಬದಲಿಸಬೇಕಾದರೆ ಸ್ಟೀಲ್ ಬೇಡ, ನಿಕಲ್-ತಾಮ್ರದ ಪೈಪು ಹಾಕಿಸಿ. ಆಮೇಲೆ ಬಾಗಿಲ ಕೆಳಗಿನ ರಾಕರ್ ಪ್ಯಾನಲ್, ಜ್ಯಾಕ್ ಕೊಡುವ ಅಂಚು, ಹಿಂದಿನ ಸಬ್‌ಫ್ರೇಮ್. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಕರಕರ ಅಂತ ಒಳಕ್ಕೆ ಹೋದರೆ ಆ ಕಾರು ಬೇಡ. ಹೊಟ್ಟೆಯೆಲ್ಲ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಇನ್ನೂ ಅನುಮಾನದಿಂದ ನೋಡಿ.

ತೊಗೊಂಡ ಮೇಲೆ, ತಾಪ ಸೊನ್ನೆ ದಾಟಿದ ದಿನ ನೋಡಿಕೊಂಡು ಎರಡು ವಾರಕ್ಕೊಮ್ಮೆಯಾದರೂ ಹೊಟ್ಟೆ ತೊಳೆಯುವ ವಾಶ್ ಮಾಡಿಸಿ. ಸೊನ್ನೆಗಿಂತ ಕೆಳಗಿರುವಾಗ ತೊಳೆದರೆ ಬಾಗಿಲ ರಬ್ಬರ್ ಅಂಟಿಕೊಂಡು ಹರಿಯುತ್ತೆ. ಅಕ್ಟೋಬರಿನಲ್ಲಿ ಲ್ಯಾನೊಲಿನ್ ಎಣ್ಣೆ ಹೊಡೆಸಿ, ನೀರು ಇಳಿಯುವ ತೂತು ಮುಚ್ಚದ ಹಾಗೆ. ವೈಪರ್ ಟ್ಯಾಂಕಿಗೆ ಬರೀ ನೀರು ಹಾಕಿದರೆ ಹೆಪ್ಪುಗಟ್ಟಿ ಪಂಪು ಹೋಗುತ್ತೆ, ಚಳಿಗಾಲದ ವಾಶರ್ ದ್ರವ ಹಾಕಿ. 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸಾಮಾನ್ಯ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತೆ. ನೀವು ಜನವರಿಯಲ್ಲೇ ಬರ್ತಿರೋದರಿಂದ ವಿಂಟರ್ ಟೈರಿಗೆ ದುಡ್ಡು ತೆಗೆದಿಡಿ. ಉಪ್ಪು ಕೂಡ ಮೈನಸ್ 9ರ ಆಸುಪಾಸಿನಲ್ಲಿ ಕೆಲಸ ನಿಧಾನಿಸುತ್ತೆ, ಉಪ್ಪು ಹಾಕಿದ್ದಾರೆ ಅಂತ ರಸ್ತೆಯನ್ನು ನಂಬಬೇಡಿ. ಮಾರ್ಚಿನಲ್ಲಿ ಗುಂಡಿಗಳ ಕಾಲ. ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಕರಗಿ ಡಾಂಬರು ಎದ್ದಿರುತ್ತೆ, ಅದರ ಮೇಲೆ 11 ಆಕ್ಸಲ್‌ನ 1,64,000 ಪೌಂಡ್ ಲಾರಿಗಳು ಓಡುತ್ತವೆ. ಅಮೆರಿಕದಲ್ಲೇ ಅತಿ ಹೆಚ್ಚು ತೂಕ ಬಿಡುವ ರಾಜ್ಯಗಳಲ್ಲಿ ಇದೂ ಒಂದು.

ಇನ್ಶೂರೆನ್ಸ್ ಇಲ್ಲಿ ನೋ-ಫಾಲ್ಟ್. ಅಪಘಾತ ಯಾರ ತಪ್ಪಾದರೂ ನಿಮ್ಮ ಚಿಕಿತ್ಸೆ ಖರ್ಚು ನಿಮ್ಮ ಪಾಲಿಸಿಯಲ್ಲಿ ಗಾಯದ ಖರ್ಚಿಗೆ ಇರುವ ಭಾಗವಾದ ಪಿಐಪಿಯಿಂದಲೇ. 2020ರ ಜುಲೈವರೆಗೆ ಮಿತಿಯಿಲ್ಲದ ಪಿಐಪಿ ಕಡ್ಡಾಯವಿತ್ತು, ಈಗ 5 ಲಕ್ಷ, ಎರಡೂವರೆ ಲಕ್ಷ ಡಾಲರ್ ಮಿತಿಗಳೂ ಸಿಗುತ್ತವೆ. ಮಗು ಇರುವವರು ಕಂತು ಉಳಿಸೋಕೆ ಅಂತ ಕಡಿಮೆ ಮಿತಿ ಆರಿಸಬೇಡಿ, ತಲೆಗೆ ಅಥವಾ ಬೆನ್ನುಹುರಿಗೆ ಪೆಟ್ಟಾದರೆ ಎರಡೂವರೆ ಲಕ್ಷ ಬೇಗ ಮುಗಿಯುತ್ತೆ. ಡಿಕ್ಕಿಯಾದಾಗ ನಿಮ್ಮ ಕಾರಿನ ರಿಪೇರಿಗೆ ಇರುವ ಕೊಲಿಷನ್‌ ವಿಮೆಯಲ್ಲಿ "ಬ್ರಾಡ್ ಫಾರ್ಮ್" ತೊಗೊಳ್ಳಿ, ತಪ್ಪು ಮುಖ್ಯವಾಗಿ ಎದುರಿನವರದಾದರೆ ಡಿಡಕ್ಟಿಬಲ್ (ರಿಪೇರಿಯಲ್ಲಿ ನಿಮ್ಮ ಪಾಲಿನ ಹಣ) ಕಟ್ಟಬೇಕಿಲ್ಲ.

ಬಿಡದಿ_ವೆಲ್ಡರ್:

ಇಷ್ಟು ವಿವರ ಕೊಟ್ಟಿದ್ದಕ್ಕೆ ತುಂಬಾ ಧನ್ಯವಾದ. ಇನ್ನೆರಡು ಪ್ರಶ್ನೆ. ಜುಲೈನಲ್ಲಿ ತಂಗಿ ಮದುವೆ, ಎರಡು ವಾರ ರಜೆ ಸಿಗಬಹುದಾ? ಕಾರು ಕಂಪನಿಯಲ್ಲಿ ಸ್ಟ್ರೈಕ್ ಆದರೆ ಸಪ್ಲೈಯರ್ ಕಡೆಯವರ ಗತಿ ಏನು?

ಕಾಪರ್_ಟಿಪ್:

ಜುಲೈ 4ರ ಆಸುಪಾಸು ಅಸೆಂಬ್ಲಿ ಪ್ಲಾಂಟುಗಳು ಒಂದೆರಡು ವಾರ ಮುಚ್ಚೋದು ರೂಢಿ. ಆಪರೇಟರ್‌ಗಳಿಗೆ ಅದು ರಜೆ, ಪ್ರೊಸೆಸ್ ಎಂಜಿನಿಯರಿಗೆ ವರ್ಷದ ಅತಿ ಬಿಗಿಯಾದ ಕೆಲಸ. ಗನ್ ಬದಲಿಸೋದು, ಫಿಕ್ಸ್ಚರ್ ಕೂರಿಸೋದು, ಹೊಸ ಮಾಡೆಲ್ ಟ್ರೈಔಟ್ ಎಲ್ಲ ಲೈನ್ ನಿಂತಾಗಲೇ. ಆದ್ದರಿಂದ ಮದುವೆಯ ವಿಷಯವನ್ನು ಆಫರ್ ಒಪ್ಪಿಕೊಳ್ಳುವ ಹಂತದಲ್ಲೇ ಮ್ಯಾನೇಜರಿಗೆ ತಿಳಿಸಿ, ಇ-ಮೇಲ್‌ನಲ್ಲಿ ಒಪ್ಪಿಗೆ ತೊಗೊಳ್ಳಿ. ಜೊತೆಗೆ ಹೊಸ ಮಾಡೆಲ್ ಲಾಂಚ್ ಯಾವಾಗ ಅಂತ ಕೇಳಿ. ಪಿಪ್ಯಾಪ್‌ಗೆ (ಹೊಸ ಭಾಗಕ್ಕೆ ಕಸ್ಟಮರ್ ಒಪ್ಪಿಗೆ ಪಡೆಯುವ ಪ್ರಕ್ರಿಯೆ) ಸಾಮಾನ್ಯವಾಗಿ ಒಂದರಿಂದ ಎಂಟು ಗಂಟೆಯ ಪ್ರೊಡಕ್ಷನ್ ರನ್‌ನಲ್ಲಿ ಸಾಲಾಗಿ 300 ಪೀಸ್ ತೆಗೆದು ತೋರಿಸಬೇಕು. ಅದು ಜುಲೈ ನಂತರಕ್ಕೆ ಬಿದ್ದಿದ್ದರೆ ನಿಮ್ಮನ್ನು ಬಿಡೋದು ಕಷ್ಟ.

ಸ್ಟ್ರೈಕ್ ಬಗ್ಗೆ. ಗಂಟೆಗೆ 60 ಗಾಡಿ ಬಿಡುವ ಪ್ಲಾಂಟಿಗೆ ಹೆಚ್ಚಿನ ಭಾಗಗಳು ಆಯಾ ದಿನಕ್ಕೆ ಬೇಕಾದಷ್ಟೇ ಬರುತ್ತವೆ, ದಾಸ್ತಾನು ಇಟ್ಟುಕೊಳ್ಳಲ್ಲ. ಅಲ್ಲಿ ಲೈನ್ ನಿಂತರೆ ಸಪ್ಲೈಯರ್‌ನ ರ‍್ಯಾಕುಗಳು ತುಂಬಿ ಬಹಳ ಬೇಗ ಇಲ್ಲೂ ನಿಲ್ಲುತ್ತೆ. 2023ರ ಸೆಪ್ಟೆಂಬರ್ 15ರಂದು ಕಾರು ಕಾರ್ಮಿಕರ ಯೂನಿಯನ್ ಯುಎಡಬ್ಲ್ಯೂ, ಜಿಎಂ, ಫೋರ್ಡ್, ಸ್ಟೆಲಾಂಟಿಸ್ ಈ ಮೂರೂ ಕಂಪನಿಗಳಿಂದ ಒಂದೊಂದು ಪ್ಲಾಂಟ್ ಆರಿಸಿ ಸ್ಟ್ರೈಕ್ ಶುರು ಮಾಡಿದಾಗ ಹಾಗೇ ಆಯಿತು. ಆಗಿನ ಒಪ್ಪಂದ ಮುಗಿಯೋದು 2028ರ ಏಪ್ರಿಲ್ 30ಕ್ಕೆ, ಆ ಹೊತ್ತಿಗೆ ಕೈಯಲ್ಲಿ ಮೂರ್ನಾಲ್ಕು ತಿಂಗಳ ಖರ್ಚಿನ ಹಣ ಇರಲಿ. ಎಚ್‌-1ಬಿಯಲ್ಲಿ ಇನ್ನೊಂದು ರಕ್ಷಣೆ ಇದೆ: ಕೆಲಸವಿಲ್ಲ ಅನ್ನುವ ಕಾರಣಕ್ಕೆ ಸಂಬಳ ಕೊಡದೆ ಮನೆಯಲ್ಲಿ ಕೂರಿಸುವ ಹಾಗಿಲ್ಲ. ಕೆಲಸದಿಂದಲೇ ತೆಗೆದರೆ ಮಾತ್ರ ಬೇರೆ ಕೆಲಸ ಹುಡುಕೋಕೆ ಅಥವಾ ದೇಶ ಬಿಡೋಕೆ ಸಾಮಾನ್ಯವಾಗಿ 60 ದಿನ; ಐ-94 (ಅಮೆರಿಕದಲ್ಲಿ ಎಲ್ಲಿವರೆಗೆ ಇರಬಹುದು ಅನ್ನುವ ದಾಖಲೆ) ಅದಕ್ಕಿಂತ ಮುಂಚೆ ಮುಗಿಯುವಂತಿದ್ದರೆ ಅಲ್ಲಿವರೆಗೆ ಅಷ್ಟೇ. ಬಂದ ಕೂಡಲೇ ಐ-94 ಇಳಿಸಿಕೊಂಡು ಕೊನೆಯ ತಾರೀಖು ನೋಡಿ, ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ಐ-94 ಕೂಡ ಅದೇ ತಾರೀಖಿಗೆ ಕೊಟ್ಟಿರ್ತಾರೆ. ಪಾಸ್‌ಪೋರ್ಟ್ ನವೀಕರಣ ಅಲ್ಲೇ ಬೆಂಗಳೂರಿನಲ್ಲಿ ಮುಗಿಸಿಕೊಂಡು ಬನ್ನಿ.