ನವೆಂಬರ್ ಮೊದಲ ವಾರದಲ್ಲಿ ಪೋಲೆಂಡ್: ರಜಾದಿನಗಳ ನಡುವೆ ಹೋಗಬಹುದೇ?

ಮಲಪ್ರಭಾ (ಪ್ರಶ್ನೆ):

ಎಲ್ಲರಿಗೂ ಬೆಳಗಾವಿಯಿಂದ ನಮಸ್ಕಾರ. ನಮ್ಮ ಮಗಳು ಪೋಲೆಂಡಿನ ವ್ರೊತ್ಸ್ವಾಫ್ ನಗರದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದು, ನಾನೂ ನಮ್ಮ ಯಜಮಾನರೂ ಅಕ್ಟೋಬರ್ 28ರಿಂದ ನವೆಂಬರ್ 13ರವರೆಗೆ ಅವಳಲ್ಲಿಗೆ ಹೋಗಿಬರಬೇಕೆಂದಿದ್ದೇವೆ. ಈ ಅವಧಿಯಲ್ಲಿ ನವೆಂಬರ್ 1 ಮತ್ತು 11 ಎರಡೂ ಸರ್ಕಾರಿ ರಜೆಗಳಾಗಿದ್ದು, ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಪ್ರಯಾಣವನ್ನು ಮುಂದೂಡಿ ಎಂದು ಬಂಧುಗಳೊಬ್ಬರು ಹೇಳುತ್ತಿದ್ದಾರೆ. ಅವರ ಮಾತು ಸರಿಯೇ? ನಾವಿಬ್ಬರೂ ಸಸ್ಯಾಹಾರಿಗಳು. ಮಗಳು ಬಾಡಿಗೆಗಿರುವ ಮನೆಯ ಒಡತಿ ನಮ್ಮನ್ನು ಒಂದು ದಿನ ಊಟಕ್ಕೆ ಕರೆದಿದ್ದಾರೆ. ಅವರಿಗೆ ಏನು ಕೊಂಡೊಯ್ದರೆ ಒಪ್ಪುತ್ತದೆ ಎಂಬುದನ್ನೂ ಬಲ್ಲವರು ತಿಳಿಸಬೇಕು.

ಕೊಡಚಾದ್ರಿ:

ಮೇಡಂ, ಆರು ವರ್ಷಗಳಿಂದ ಕ್ರಾಕೂಫ್‌ನಲ್ಲಿದ್ದೇನೆ. ದಯವಿಟ್ಟು ದಿನಾಂಕವನ್ನು ಬದಲಿಸಬೇಡಿ. ಅಂಗಡಿಗಳು ಮುಚ್ಚಿರುವುದು ನಿಜ. ರಜಾದಿನಗಳಲ್ಲಿ ದೊಡ್ಡ ಅಂಗಡಿಗಳನ್ನು ತೆರೆಯಲು ಅಲ್ಲಿನ ಕಾನೂನು ಅವಕಾಶ ಕೊಡುವುದಿಲ್ಲ. 2018ರಲ್ಲಿ ಆರಂಭವಾದ ನಿರ್ಬಂಧದಿಂದಾಗಿ ಈಗ ಬಹುತೇಕ ಭಾನುವಾರಗಳೂ ಹಾಗೆಯೇ. ಆದರೆ ಔಷಧದಂಗಡಿ, ಪೆಟ್ರೋಲ್ ಬಂಕ್, ಹೋಟೆಲುಗಳಿಗೂ ಮಾಲೀಕನೇ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಚಿಕ್ಕ ಅಂಗಡಿಗಳಿಗೂ ವಿನಾಯಿತಿ ಇದೆ. ಹಿಂದಿನ ದಿನವೇ ಹಾಲು, ಬ್ರೆಡ್ಡು, ತರಕಾರಿ ತಂದಿಟ್ಟುಕೊಂಡರೆ ಸಾಕು.

ನವೆಂಬರ್ 1 ಸಕಲ ಸಂತರ ದಿನ. ಹೊಸಬರು ಇದನ್ನು ಸಾಮಾನ್ಯವಾಗಿ ಹ್ಯಾಲೋವೀನ್‌ನ ಬಾಲವೆಂದು ತಿಳಿಯುತ್ತಾರೆ, ಆದರೆ ನಮ್ಮವರಿಗೆ ಮಹಾಲಯ ಅಮಾವಾಸ್ಯೆಯನ್ನು ನೆನೆದರೆ ಇದರ ಭಾವ ಬೇಗ ಅರ್ಥವಾಗುತ್ತದೆ. ಅಂದು ಇಡೀ ದೇಶ ತನ್ನ ಹಿರಿಯರ ಸಮಾಧಿಗಳ ಕಡೆಗೆ ಹೊರಡುತ್ತದೆ. ವಾರಕ್ಕೆ ಮೊದಲೇ ಬಂದು ಸಮಾಧಿಯ ಕಲ್ಲನ್ನು ತೊಳೆದು, ಎಲೆಗಳನ್ನು ಗುಡಿಸಿ ಹೋದವರು ಅಂದು ಮತ್ತೆ ಬಂದು ಹೂವಿಟ್ಟು, ಮುಚ್ಚಳವಿರುವ ಗಾಜಿನ ದೀಪಗಳನ್ನು ಹಚ್ಚಿ, ಪಕ್ಕದ ಸಮಾಧಿಗೆ ಬಂದವರೊಡನೆ ತಗ್ಗಿದ ದನಿಯಲ್ಲಿ ಕ್ಷೇಮಸಮಾಚಾರ ಮಾತನಾಡುತ್ತಾರೆ. ಆ ದೀಪಕ್ಕೆ ‘ಜ್ನಿಚ್’ ಎಂದು ಹೆಸರು. ದಿನಸಿ ಅಂಗಡಿಯಲ್ಲೂ ಸಿಗುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಿಡುವುದರಿಂದ ಸಂಜೆ ನಾಲ್ಕೂವರೆಯ ಹೊತ್ತಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಅನಂತರ ವ್ರೊತ್ಸ್ವಾಫ್‌ನ ಒಸೊಬೊವಿತ್ಸೆ ಸ್ಮಶಾನಕ್ಕೆ ಹೋಗಿ ನೋಡಿ: ಎಲ್ಲೆಲ್ಲೂ ದೀಪ, ಮೇಣದ ವಾಸನೆ, ಅಷ್ಟು ಜನರಿದ್ದರೂ ಗದ್ದಲವಿಲ್ಲ. ಸ್ಮಶಾನಗಳಿಗೆಂದೇ ಅಂದು ಹೆಚ್ಚುವರಿ ಬಸ್ಸುಗಳಿರುತ್ತವೆ. ಹೊರಗಿನವರು ಹೋದರೆ ಯಾರೂ ಬೇಸರಪಡುವುದಿಲ್ಲ, ಆದರೆ ದುಃಖದಲ್ಲಿರುವವರ ಮುಖಕ್ಕೆ ಕ್ಯಾಮೆರಾ ಹಿಡಿಯಬಾರದು.

ಉಡುಗೊರೆಯ ವಿಷಯವೂ ಇಲ್ಲಿಗೇ ಸೇರುತ್ತದೆ. ಅಂದು ಸಮಾಧಿಗಳ ಮೇಲಿಡುವ ಮುಖ್ಯ ಹೂವು ಸೇವಂತಿಗೆ. ನಮ್ಮಲ್ಲಿ ದೇವರ ಮುಡಿಗೇರುವ ಆ ಹೂವು ಆ ದಿನಗಳಲ್ಲಿ ಬೀದಿ ತುಂಬ ಮಾರಾಟಕ್ಕಿರುತ್ತದೆ. ಚೆಂದವಾಗಿದೆಯೆಂದು ಕೊಂಡು ಮನೆಯೊಡತಿಯ ಕೈಗೆ ಮಾತ್ರ ಕೊಡಬೇಡಿ. ಬೇರೆ ಯಾವುದೇ ಹೂವಾದರೂ ಬೆಸಸಂಖ್ಯೆಯಲ್ಲಿರಲಿ, ಏಕೆಂದರೆ ಸಮಸಂಖ್ಯೆಯ ಹೂಗಳು ಶವಸಂಸ್ಕಾರಕ್ಕೆ ಮೀಸಲು. ಚಪ್ಪಲಿಯನ್ನು ಬಾಗಿಲಲ್ಲೇ ಬಿಡುವುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಹೆಂಗಸರನ್ನು ‘ಪಾನಿ’ ಎಂದೂ ಗಂಡಸರನ್ನು ‘ಪಾನ್’ ಎಂದೂ ಗೌರವದಿಂದ ಕರೆಯುವುದು ವಾಡಿಕೆ. ಅದು ನಮ್ಮ ಬಹುವಚನದ ಸ್ಥಾನದಲ್ಲಿದೆ.

ಹೇಮಾವತಿ:

ಕೊಡಚಾದ್ರಿಯವರ ಮಾತನ್ನು ಪೂರ್ತಿ ಒಪ್ಪಲಾರೆ. ಮೊದಲ ಬಾರಿ ಹೋಗುವ ಹಿರಿಯರಿಗೆ ನವೆಂಬರಿನ ಚಳಿ, ಮಂಜು, ಬೇಗ ಕವಿಯುವ ಕತ್ತಲೆ ಹಿತವೆನಿಸದಿರಬಹುದು. ಈಸ್ಟರ್ ಆದಮೇಲೆ ಹೋದರೆ ಮರಗಳು ಚಿಗುರಿರುತ್ತವೆ. ಈಸ್ಟರ್ ಸೋಮವಾರವೂ ರಜೆಯೇ. ಅಂದು ಒಬ್ಬರ ಮೇಲೊಬ್ಬರು ನೀರೆರಚುವ ‘ಶ್ಮಿಗುಸ್ ಡಿಂಗುಸ್’ ನಮ್ಮ ಓಕುಳಿಯನ್ನು ನೆನಪಿಸುತ್ತದೆ, ಬಣ್ಣವೊಂದಿಲ್ಲ. ಮೇ 1 ಕಾರ್ಮಿಕರ ದಿನ, ಮೇ 3 ಆ ದೇಶದ 1791ರ ಸಂವಿಧಾನದ ದಿನ. ನಡುವಿನ ದಿನಕ್ಕೂ ರಜೆ ಹಾಕಿ ಜನ ಊರು ಬಿಡುವ ಈ ಬಿಡುವಿಗೆ ‘ಮಾಯುಫ್ಕಾ’ ಎನ್ನುತ್ತಾರೆ. ಆದರೆ ಆಗ ವಸತಿಯನ್ನು ಬಹಳ ಮೊದಲೇ ಕಾಯ್ದಿರಿಸಬೇಕು. ನಾವು ಏಪ್ರಿಲ್ 30ರ ರಾತ್ರಿ ತಡವಾಗಿ ಇಳಿದು, ಮರುದಿನ ಒಂದು ಪೊಟ್ಟಣ ಹಾಲಿಗಾಗಿ ಊರೆಲ್ಲ ಅಲೆದಿದ್ದೇವೆ.

ಮಲಪ್ರಭಾ:

ಇಬ್ಬರಿಗೂ ಧನ್ಯವಾದಗಳು. ಬೆಳಗಾವಿಯ ಚಳಿ ಕಂಡವರಿಗೆ ಅಲ್ಲಿನದು ಎಷ್ಟು ಹೊಸದೋ ನೋಡೋಣ. ಮಗಳ ರಜೆಯೂ ಆಗಲೇ ಇರುವುದರಿಂದ ನವೆಂಬರಿನಲ್ಲೇ ಹೊರಡುತ್ತೇವೆ. ನವೆಂಬರ್ 11ರಂದು ವಾರ್ಸಾಗೆ ಹೋಗಬಹುದೇ? ಊಟದ ವಿಷಯ ಯಾರೂ ತಿಳಿಸಲಿಲ್ಲ.

ಕೊಡಚಾದ್ರಿ:

ಊಟದ ಮಾತು ಬಿಟ್ಟುಹೋಗಿತ್ತು, ಕ್ಷಮಿಸಿ. ಆಲೂಗಡ್ಡೆ ಮತ್ತು ಗಿಣ್ಣಿನ ಹೂರಣ ತುಂಬಿ ಬೇಯಿಸುವ ‘ಪಿಯೆರೋಗಿ ರುಸ್ಕಿಯೆ’ ನಮ್ಮ ಕಡುಬಿಗೆ ಹತ್ತಿರದ ತಿನಿಸು, ಆದರೆ ಮೇಲೆ ಹುರಿದ ಹಂದಿಕೊಬ್ಬಿನ ಚೂರುಗಳನ್ನು ಉದುರಿಸುತ್ತಾರೆ. ಅದರ ಹೆಸರು ‘ಸ್ಕ್ವಾರ್ಕಿ’. ಬೇಡವೆಂದು ಮೊದಲೇ ಹೇಳಬೇಕು. ಸೂಪುಗಳಲ್ಲಿ ಮಾಂಸದ ಸಾರು ಇರುವುದು ಸಾಮಾನ್ಯ. ಇನ್ನೊಂದು ಮಾತು: ಮಾಂಸ ಬೇಡ ಎಂದರೆ ಕೆಲವರು ಮೀನು ತಂದಿಡುತ್ತಾರೆ, ಏಕೆಂದರೆ ಕ್ಯಾಥೊಲಿಕ್ ಉಪವಾಸದ ಲೆಕ್ಕದಲ್ಲಿ ಮೀನು ಮಾಂಸವಲ್ಲ. ಎರಡನ್ನೂ ಹೆಸರಿಸಿ ಬೇಡವೆನ್ನಿ.

ನವೆಂಬರ್ 11 ಸ್ವಾತಂತ್ರ್ಯದ ದಿನ. 1795ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಹಂಚಿಕೊಂಡು ಭೂಪಟದಿಂದಲೇ ಅಳಿಸಿದ್ದ ದೇಶವು 123 ವರ್ಷಗಳ ನಂತರ 1918ರಲ್ಲಿ ಮತ್ತೆ ಎದ್ದುನಿಂತುದನ್ನು ಅಂದು ನೆನೆಯುತ್ತಾರೆ. ವಾರ್ಸಾದಲ್ಲಿ ಮಧ್ಯಾಹ್ನ ರಾಷ್ಟ್ರವಾದಿಗಳ ಭಾರೀ ಮೆರವಣಿಗೆ ಇರುವುದರಿಂದ ಆ ಒಂದು ದಿನ ಅಲ್ಲಿಗೆ ಬೇಡ. ಬದಲಿಗೆ ಪೊಜ್ನಾನ್‌ಗೆ ಹೋಗಿ. ನಿಮ್ಮಲ್ಲಿಂದ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಅಂದೇ ಸಂತ ಮಾರ್ಟಿನ್ ಹಬ್ಬವೂ ಆದ್ದರಿಂದ ಅವನ ಹೆಸರಿನ ಬೀದಿಯಲ್ಲಿ ಕುದುರೆಯೇರಿದ ಸಂತನ ಮೆರವಣಿಗೆ ನಡೆಯುತ್ತದೆ, ಊರಿಗೆ ಊರೇ ಅರ್ಧಚಂದ್ರಾಕಾರದ ಸಿಹಿ ರೊಟ್ಟಿ ತಿನ್ನುತ್ತದೆ. ಅದರ ಹೂರಣ ಬಿಳಿ ಗಸಗಸೆಯದು, ನಾವು ಪಾಯಸಕ್ಕೆ ಬಳಸುವಂಥದ್ದೇ. ಮೊಟ್ಟೆ ಇರುತ್ತದೆ, ತಿನ್ನುವುದು ಬಿಡುವುದು ನಿಮಗೆ ಸೇರಿದ್ದು.

ವಾರ್ಸಾಗೆ ಬೇರೆ ದಿನ ಹೋದಾಗ ಕೊಲ್ಹಾಪುರದ ಹೆಸರಿನ ಸ್ಮಾರಕವನ್ನು ನೋಡಿ ಬನ್ನಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾವಿರಾರು ಪೋಲಿಷ್ ನಿರಾಶ್ರಿತರು ಕೊಲ್ಹಾಪುರದ ಬಳಿಯ ವಳಿವಡೆಯಲ್ಲಿ ಆಶ್ರಯ ಪಡೆದಿದ್ದರು. ಮನೆಯೊಡತಿಯವರಿಗೆ ಬೆಳಗಾವಿ ಎಲ್ಲಿದೆ ಎಂದು ತಿಳಿಯದಿದ್ದರೆ, ಕೊಲ್ಹಾಪುರದ ಹತ್ತಿರ ಎಂದು ಹೇಳಿ ನೋಡಿ.