ಮನೆ ಮುಂದೆ ಪೈನ್ ಮರ ಹಾಕಬಹುದಾ? ಬೆಳೆಸಿದವರು ಹೇಳಿ

ಯಲಹಂಕದ ಹತ್ತಿರ 40×60 ಸೈಟಿನಲ್ಲಿ ಮನೆ ಕಟ್ಟಿದ್ದೇವೆ. ಮುಂದುಗಡೆ ಹದಿನೈದು ಅಡಿ ಜಾಗ ಇದೆ. ಊಟಿಯಲ್ಲಿ ನೋಡಿದಂಥ ಎತ್ತರದ ಪೈನ್ ಮರ ಒಂದೇ ಒಂದು ಬೇಕು ಅಂತ ಆಸೆ. ನರ್ಸರಿಯಲ್ಲಿ ಕ್ರಿಸ್‌ಮಸ್ ಟ್ರೀ ಅಂತ ಕೊಡುತ್ತಾರಲ್ಲ, ಅದೇನಾ ಇದು?

ಜಯನಗರದಿಂದ:
ಅದಲ್ಲ ಸರ್. ನರ್ಸರಿಯದು ಅರಕೇರಿಯಾ, ಪೈನ್ ಜಾತಿಯೇ ಅಲ್ಲ. ಆದರೆ ನಮ್ಮೂರಿಗೆ ಅದೇ ಸರಿ. 2009ರಲ್ಲಿ ಮೊಣಕಾಲುದ್ದದ ಗಿಡ ತಂದು ಕಾಂಪೌಂಡ್ ಪಕ್ಕ ನೆಟ್ಟೆ. ಎರಡು ವರ್ಷ ಸುಮ್ನೆ ನಿಂತಿತ್ತು. ಆಮೇಲೆ ಕೊಡೆ ಕಡ್ಡಿಗಳ ಹಾಗೆ ಸುತ್ತಲೂ ಐದೈದು ಕೊಂಬೆ ಬಿಡುತ್ತಾ ಅಂತಸ್ತು ಅಂತಸ್ತಾಗಿ ಎದ್ದಿತು. ಮನೆಯವರೆಲ್ಲ ದಿನಾ ನೋಡುತ್ತಿದ್ದೆವು. ಒಂದು ದಿನ ವೈರ್ ಕೆಲಸಕ್ಕೆ ಬಂದವರು ತುದಿ ಕತ್ತರಿಸಿ ಹೋದರು. ಈಗ ಕವೆಗೋಲಿನ ಹಾಗೆ ಎರಡು ತಲೆ. ಆ ಚೂಪು ಆಕಾರ ಮತ್ತೆ ಬರಲಿಲ್ಲ. ನೆಡುವ ಮೊದಲು ತಲೆ ಎತ್ತಿ ವೈರ್ ಎಲ್ಲಿದೆ ನೋಡಿ.

ಮಲ್ಲೇಶ್ವರದಿಂದ:
ನರ್ಸರಿಯಲ್ಲಿ ನಾರ್ಫೋಕ್ ಪೈನ್ (ಅರಕೇರಿಯಾದಲ್ಲೇ ಒಂದು ಬಗೆ) ಅಂತ ಮಾರುವುದರಲ್ಲಿ ಜಾಸ್ತಿ ಕುಕ್ ಪೈನ್. ಅದೂ ಅರಕೇರಿಯಾನೇ, ಹೆಸರಲ್ಲಷ್ಟೇ ಪೈನ್. ಮೂಲ ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪ. ಅದರ ಒಂದು ಗುಣ ಗೊತ್ತಿರಲಿ, ಅದು ವಾಲುತ್ತದೆ. ನಮ್ಮದು ವಾಲಿದಾಗ ಗಾಳಿಗೆ ಅಂದುಕೊಂಡು ಹಗ್ಗ ಕಟ್ಟಿದೆವು, ಗೊಬ್ಬರ ಹಾಕಿದೆವು, ಪಕ್ಕದವರ ಬೋರ್‌ವೆಲ್ ಮೇಲೂ ಅನುಮಾನ ಪಟ್ಟೆವು! ಸಂಶೋಧಕರು ಬೇರೆ ಬೇರೆ ದೇಶಗಳಲ್ಲಿ ಅಳೆದು 2017ರಲ್ಲಿ ಹೇಳಿದ್ದಾರೆ: ಈ ಮರ ಸಮಭಾಜಕದ ಕಡೆ ಬಾಗುತ್ತದೆ, ಸರಾಸರಿ 8 ಡಿಗ್ರಿಗೂ ಜಾಸ್ತಿ. ನಮಗೆ ಅದು ದಕ್ಷಿಣ. ಆ ಕಡೆ ಶೀಟ್ ಮನೆ ಇದ್ದರೆ ಯೋಚನೆ ಮಾಡಿ.

ಬನಶಂಕರಿಯಿಂದ:
ನನ್ನದು ಚಿಕ್ಕ ಅನುಭವ. ಬುಡದಲ್ಲಿ ನೀರು ನಿಲ್ಲಬಾರದು. ಕೆಂಪುಮಣ್ಣಿಗೆ ಮರಳು ಬೆರೆಸಿ. ಕೆಳಗಿನ ಕೊಂಬೆ ಒಣಗಿದರೆ ಆ ಜಾಗದಲ್ಲಿ ಮತ್ತೆ ಚಿಗುರುವುದಿಲ್ಲ, ಅದಕ್ಕೇ ಬೇಸಿಗೆಯಲ್ಲಿ ನೀರು ತಪ್ಪಿಸಬೇಡಿ. ಪಕ್ಕದ ಕೊಂಬೆ ಮುರಿದು ನೆಡಲೂಬೇಡಿ. ನಮ್ಮತ್ತೆ ನೆಟ್ಟರು. ಬೇರು ಬಂತು, ಆದರೆ ಗಿಡ ಮೇಲಕ್ಕೇ ಏಳಲಿಲ್ಲ. ಹಾಗೇ ಅಡ್ಡಡ್ಡ ಹೋಗಿ ಈಗ ತುಳಸಿ ಕಟ್ಟೆಗೆ ಒರಗಿದೆ.

ಜಯನಗರದಿಂದ, ಮತ್ತೆ:
ಇನ್ನೊಂದು ಮಾತು. ಆಮೇಲೆ ಬೇಡ ಅನಿಸಿದರೆ ನಾವೇ ಕಡಿಯುವ ಹಾಗಿಲ್ಲ. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಮ್ಮ ದಕ್ಷಿಣಕ್ಕೆ ಪಕ್ಕದವರ ನೀರಿನ ಟ್ಯಾಂಕ್ ಇದೆ. ಸದ್ಯಕ್ಕೆ ಕುಂಡದಲ್ಲೇ ಇಡುತ್ತೇವೆ. ಭಾನುವಾರ ಲಾಲ್‌ಬಾಗ್‌ಗೆ ಹೋಗಿ ಅಲ್ಲಿನ ಹಳೇ ಅರಕೇರಿಯಾಗಳು ಯಾವ ಕಡೆ ವಾಲಿವೆ ನೋಡಿ ಬರುತ್ತೇವೆ.